ಸಾರ್ಜೆಂಟ್ ಎತ್ತದ ಕೈ

ಸೋಮವಾರ ತಪಾಸಣೆಯ ಅಧಿಕಾರಿ ಬಂದು ಸಾರ್ಜೆಂಟ್ ಎಫ್ರೇಮ್ ಟಾಲಿವರನ ಕುದುರೆ ಡೀಕನ್‌ನ ಹೆಗಲಿಗೆ ಬರೆ ಹಾಕಿಸಿದ. ಆ ಬರೆ ಬಿತ್ತೆಂದರೆ ಮುಗಿಯಿತು, ಕುದುರೆ ಇನ್ನು ಸೈನ್ಯಕ್ಕೆ ಬೇಡ, ಶನಿವಾರ ಹರಾಜು. ಹದಿನಾರು ವರ್ಷದ ಪ್ರಾಣಿ, ಉಸಿರು ಕಟ್ಟುತ್ತಿತ್ತು. ಅಧಿಕಾರಿಯದು ತಪ್ಪಲ್ಲವೆಂದು ಎಫ್ರೇಮನೇ ಒಪ್ಪಿದ.

ನ್ಯೂ ಮೆಕ್ಸಿಕೋದ ಆ ಕೋಟೆಯ ಕರಿಯರ ಅಶ್ವದಳದಲ್ಲಿ ಪದಕ ತೊಟ್ಟವನು ಅವನೊಬ್ಬನೇ. ಏಳು ವರ್ಷದ ಹಿಂದೆ ಗುಂಡಿನ ಮಳೆಯಲ್ಲಿ ಮೂರು ಸಲ ಕಣಿವೆಗೆ ನುಗ್ಗಿ ಮೂವರು ಗಾಯಾಳುಗಳನ್ನು ತಂದಿದ್ದ. ಮೂರು ಸಲವೂ ಹೊತ್ತದ್ದು ಡೀಕನ್. ಕುದುರೆಗೂ ಒಂದು ಪದಕ ಕೊಡುವ ಬುದ್ಧಿ ವಾಷಿಂಗ್ಟನ್ನಿನವರಿಗೆ ಎಲ್ಲಿಂದ ಬರಬೇಕು!

"ನೀನೇ ಕೊಂಡ್ಕೊಂಡ್ಬಿಡೋ ಮಾರಾಯ," ಎಂದ ಕಾರ್ಪೊರಲ್ ಲೂಷಿಯಸ್ ಪೀಕ್. ಆ ಮೂವರಲ್ಲಿ ಅವನೂ ಒಬ್ಬ. "ಎಲ್ರೂ ಸೇರಿ ಹಾಕಿದೀವಿ, ತಗೋ. ಇಬ್ರು ಮುದುಕರೂ ಒಟ್ಟಿಗೆ ಮೇಯ್ಕೊಂಡಿರಿ."

"ನಿನ್ನಂಥ ಡೊಳ್ಳುಹೊಟ್ಟೆಯವನನ್ನ ಹೊತ್ತೇ ಕಣೋ ಅದು ಮುದಿಯಾಗಿದ್ದು," ಎಂದು ನಗುತ್ತ ಎಫ್ರೇಮ್ ಹಣವನ್ನು ಜೇಬಿಗೆ ಸೇರಿಸಿದ.

ಶನಿವಾರ ಗಣಿಯ ಅದಿರು ಸಾಗಿಸುವ ಪ್ರೂಯಿಟ್ ಮುಂದೆಯೇ ನಿಂತಿದ್ದ. ಅವನ ಗಾಡಿಗೆ ಕಟ್ಟಿದ ಕುದುರೆ ಒಂದು ಚಳಿಗಾಲ ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಹರಾಜುಗಾರ ಡೀಕನ್‌ನ ತುಟಿ ಮೇಲೆತ್ತಿ ಹಲ್ಲು ತೋರಿಸಿದ, ತೊಡೆಗೆ ಬಡಿದ, ಒಂದು ಸುತ್ತು ನಡೆಸಿದ.

"ನೋಡ್ಕೊಳ್ಳಿ, ಇನ್ನೂ ದುಡಿಯತ್ತೆ!"

ಪ್ರೂಯಿಟ್ ಕೈ ಎತ್ತಿದ. ಎಫ್ರೇಮ್ ಸುಮ್ಮನೆ ನಿಂತ. ಕೊನೆಯ ಗಳಿಗೆಗೆ ಕಾಯುತ್ತಿದ್ದಾನೆಂದು ಲೂಷಿಯಸ್ ಮೊದಲು ತಿಳಿದ, ಎರಡನೆಯ ಕೂಗಿಗೆ ತಿವಿದ, ಮೂರನೆಯದಕ್ಕೆ, "ಎತ್ತೋ ಕೈ!" ಎಂದು ಅರಚಿದ. ಹರಾಜುಗಾರನ ಸುತ್ತಿಗೆ ಬಿತ್ತು, ಕುದುರೆ ಪ್ರೂಯಿಟನದಾಯಿತು.

ಲೂಷಿಯಸ್ ಹಣ ಕಿತ್ತುಕೊಂಡು ಪ್ರೂಯಿಟನ ಹಿಂದೆ ಓಡಿದ. "ಕರಿಯರಿಗೆ ನಾನು ಮಾರಲ್ಲ, ನಡಿ," ಎಂದ ಪ್ರೂಯಿಟ್. ಡೀಕನ್ ಗಾಡಿಯ ಹಿಂದೆ ಹೊರಟೇಬಿಟ್ಟಿತು.

ವಾಪಸು ಬಂದ ಲೂಷಿಯಸನ ಕಣ್ಣಲ್ಲಿ ನೀರಿತ್ತು. "ಥೂ ನಿನ್ನ! ಗುಂಡಿಗೆ ಎದೆ ಕೊಟ್ಟೋನು, ಒಂದು ಕೈ ಎತ್ತಕ್ಕಾಗ್ಲಿಲ್ವೇನೋ?"

"ನಂಗಾಗ ಎಂಟು ವರ್ಷ," ಎಂದ ಎಫ್ರೇಮ್. "ನ್ಯಾಚೆಜ್‌ನ ಗುಲಾಮರ ಪೇಟೇಲಿ ಅಮ್ಮನ ಬಾಯಿ ಹೀಗೇ ಬಿಡಿಸಿ ತೋರಿಸಿದ್ರು. ಎದುರಿಗಿದ್ದೋರು ಕೈ ಎತ್ತಿದ್ರು. ಇವತ್ತು ಎತ್ತಬೇಕು ಅಂತ್ಲೇ ಬಂದಿದ್ದೆ ಕಣೋ. ಕೈ ಏಳಲಿಲ್ಲ."

ಲೂಷಿಯಸ್ ಎಫ್ರೇಮನ ಹೆಗಲ ಮೇಲೆ ಕೈಯಿಟ್ಟ. ಅವನೂ ಅಂಥದೇ ಒಂದು ಪೇಟೆಯಲ್ಲಿ ಮಾರಾಟವಾದವನು.