ಜಪಾನಿ ರೈತನ ಜನಿವಾರ

ಎಲ್ಲರ ಹಾಗೆ ಗಿರಿಜಾ ಕೂಡ ಒಂದು ಹೂವು ಬರೆದು ಕೈ ತೊಳೆದುಕೊಂಡಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ. ಮೆಲ್ಬರ್ನಿನಲ್ಲಿ ಮಿಸೆಸ್ ಓನೋ ನಡೆಸುತ್ತಿದ್ದ ಜಪಾನಿ ಚಿತ್ರಕಲೆಯ ಕ್ಲಾಸಿನಲ್ಲಿ ತೊಂಬತ್ತನಾಲ್ಕರ ಪ್ರದರ್ಶನಕ್ಕೆ ವಿಷಯ ‘ಹಳ್ಳಿಯ ಬೇಸಿಗೆ’. ಗಿರಿಜೆಯ ಕಣ್ಣು ಓನೋ ಅವರ ಪುಸ್ತಕದ ರೈತನ ಮೇಲೆ ಬಿತ್ತು. ಗದ್ದೆ ಕೆಲಸ ಮುಗಿಸಿ, ಸೋರೆ ಚಪ್ಪರದ ಕೆಳಗೆ ಬರಿಮೈಯಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುವ ಆಸಾಮಿ.

ಆ ಬಡಕಲು ಮೈ ಅವಳ ಕುಂಚಕ್ಕೆ ಒಗ್ಗಲಿಲ್ಲ. ಕಿಟಕಿಯಾಚೆ ನೋಡಿದಳು. ಗಂಡ ಡಾಕ್ಟರ್ ಮೂರ್ತಿ, ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ದೊಡ್ಡ ಮನುಷ್ಯರು, ಜನವರಿಯ ಸೆಕೆ ತಡೆಯಲಾರದೆ ಬ್ಯಾಕ್‌ಯಾರ್ಡಿನಲ್ಲಿ ಪಂಚೆ ಎತ್ತಿಕಟ್ಟಿ ಮೆಡಿಕಲ್ ಜರ್ನಲ್‌ನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಇನ್ನೇನು ಬೇಕು! ಹೊಟ್ಟೆ ಬಂತು, ಚಪ್ಪರ ಬಂತು, ಎಡಭುಜದಿಂದ ಸೊಂಟಕ್ಕೆ ತೆಳ್ಳಗಿನ ಗೆರೆಯೊಂದೂ ಬಂತು. ಮನೆಯ ಗಂಡಸರ ಬರಿಮೈಯನ್ನು ಜನಿವಾರವಿಲ್ಲದೆ ಅವಳು ನೋಡಿದ್ದೇ ಇಲ್ಲ. ಕೈ ತಾನಾಗಿ ಎಳೆದುಬಿಟ್ಟಿತ್ತು. ಆ ತೆಳು ಜಪಾನಿ ಕಾಗದದ ಮೇಲೆ ಬಿದ್ದ ಮಸಿಯನ್ನು ಅಳಿಸುವಂತಿಲ್ಲ.

ಈ ದಾರ ಯಾಕೆಂದು ಓನೋ ಕೇಳಿದರು. ಬೆನ್ನು ತುರಿಸಿಕೊಳ್ಳಲು, ಬೀಗದ ಕೈ ಕಟ್ಟಿಕೊಳ್ಳಲು ಎಂದು ಗಿರಿಜಾ ಇದ್ದದ್ದನ್ನೇ ಹೇಳಿದಳು. ಓನೋ ತಲೆದೂಗಿ ಚಿತ್ರವನ್ನು ಹಾಲ್‌ನ ನಟ್ಟನಡುವೆ ತೂಗುಹಾಕಿಸಿದರು.

ಪ್ರದರ್ಶನಕ್ಕೆ ಮೂರ್ತಿ ಸೂಟು ತೊಟ್ಟು, ಹೆಂಡತಿಯ ಕಲೆ ತೋರಿಸಲು ತಮ್ಮ ಬಾಸನ್ನೂ ಕರೆತಂದರು. ಚಿತ್ರ ನೋಡಿದ್ದೇ ತಡ, ಮುಖ ಕೆಂಪಾಯಿತು.

“ಏನೇ ಇದು! ಈಗ್ಲೇ ತೆಗೆಸು. ಪೇಷೆಂಟ್ಸ್ ಯಾರಾದ್ರೂ ನೋಡಿದ್ರೆ?”

“ನೋಡ್ಲಿ ಬಿಡಿ ರೀ. ನಿಮ್ಮ ಮುಖ ನೋಡಿದ ತಕ್ಷಣ ಎಲ್ಲಾ ಮಲಗಿಬಿಡ್ತಾರೆ. ಯಾರಿಗೆ ನೆನಪಿರುತ್ತೆ?”

“ತಮಾಷೆ ಬೇಡ. ತೆಗೆಸು ಅಂದೆ.”

ಗಿರಿಜೆಗೆ ಅಳು ಒತ್ತರಿಸಿ ಬಂತು. ಈ ದೇಶಕ್ಕೆ ಬಂದಂದಿನಿಂದ ಅವಳು ಮಿಸೆಸ್ ಮೂರ್ತಿ. ಈ ಚಿತ್ರದ ಕೆಳಗೆ ಮಾತ್ರ ಬರೀ ‘ಗಿರಿಜಾ’ ಎಂದಿತ್ತು.

“ತೆಗೆಸಲ್ಲ,” ಎಂದಳು. “ನಾಚಿಕೆ ಆದ್ರೆ ನೀವು ಮನೆಗೆ ಹೋಗಿ.”

ಅಷ್ಟರಲ್ಲಿ ಬಾಸ್ ಚಿತ್ರದ ಹತ್ತಿರ ಹೋಗಿ, ಇಷ್ಟು ನೆಮ್ಮದಿಯಾಗಿ ಕೂತಿರುವ ಈ ಪುಣ್ಯಾತ್ಮ ಯಾರು ಎಂದು ಕೇಳಿದ. ಮೂರ್ತಿ ಚಿತ್ರ ನೋಡಿದರು, ಹೆಂಡತಿಯ ತುಂಬಿದ ಕಣ್ಣು ನೋಡಿದರು, ಕೋಟಿನ ಗುಂಡಿ ಹಾಕಿಕೊಂಡರು.

“ದಟ್ಸ್ ಮಿ,” ಎಂದರು.

ಆಮೇಲೆ ಅವಳ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: “ಹೊಟ್ಟೆ ಇಷ್ಟೊಂದು ಇದ್ಯೇನೆ?”

“ಇಲ್ಲ ರೀ,” ಎಂದಳು ಗಿರಿಜಾ, ಕಣ್ಣೊರೆಸಿಕೊಳ್ಳುತ್ತ. “ಕಮ್ಮಿ ಮಾಡಿ ಬರ್ದಿದ್ದೀನಿ.”