ಅಮ್ಮನಿಗೆ ಹೊಂದುವ ಸಂತೆ

ಫ್ರೈಬೆರ್ಗ್ ಬೇಡ. ಅಲ್ಲಿ ಜನ ಜಾಸ್ತಿ. ಗಾಲಿಕುರ್ಚಿಯಲ್ಲಿ ಕೂತವರಿಗೆ ಎದುರಿನವರ ಕೋಟಿನ ಗುಂಡಿ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಆನಾಬೆರ್ಗ್ ಕೂಡ ಬೇಡ. ಅಲ್ಲಿ ಇಳಿಜಾರು, ಕೈತಪ್ಪಿದರೆ ಕುರ್ಚಿ ನೇರ ಕೆಳಗಿನ ಅಂಗಡಿಸಾಲಿಗೇ ಹೋಗಿ ನಿಲ್ಲುತ್ತದೆ. ಉಳಿದದ್ದು ಹೋಲ್ಟ್ಸ್‌ಬಾಖಿನ ಸಂತೆ.

ಇದನ್ನೆಲ್ಲ ಗುನ್ನಾರ್ ರೈಲಿನಲ್ಲಿ ಕೂತು ಮತ್ತೊಮ್ಮೆ ತನಗೇ ಒಪ್ಪಿಸಿಕೊಂಡ. ಲೈಪ್‌ಜಿಗ್‌ನಲ್ಲಿ ಭೂಗೋಳ ಕಲಿಸಿ ತಲೆ ನರೆಸಿಕೊಂಡವನು. ಇಳಿಜಾರಿನ ವಿಷಯದಲ್ಲಿ ಅವನಿಗೆ ಯಾರೂ ಎದುರಾಡುತ್ತಿರಲಿಲ್ಲ. ಆದರೆ ತೀರ್ಮಾನ ಮೊದಲೇ ಆಗಿತ್ತು, ಕಾರಣಗಳನ್ನು ಆಮೇಲೆ ಹುಡುಕಿ ತಂದು ನಿಲ್ಲಿಸಿದ್ದ ಎಂಬುದು ಅವನಿಗೂ ಗೊತ್ತಿತ್ತು.

ನಿಜವಾದ ಕಾರಣ ಒಂದು ಮರದ ಬೊಂಬೆ.

ಅಮ್ಮನ ಹತ್ತಿರ ಬೆರಳುದ್ದದ ದೇವದೂತರ ವಾದ್ಯಮೇಳವೊಂದಿತ್ತು. ಆ ಬೆಟ್ಟದ ಸೀಮೆಯಲ್ಲಿ ಅಂಥದ್ದಿಲ್ಲದ ಮನೆ ಕಡಿಮೆ. ವರ್ಷಕ್ಕೊಂದು ಬೊಂಬೆ. ಆ ವರ್ಷ ಹೋದ ಮೊದಲ ಕ್ರಿಸ್ಮಸ್ ಸಂತೆಯಲ್ಲೇ ಕೊಳ್ಳಬೇಕು. ಆರಿಸುವುದು ಅಮ್ಮ, ಕೊಡಿಸುವುದು ಅವಳನ್ನು ಕರೆದೊಯ್ದವರು. ಒಮ್ಮೆ ಬಂದ ವಾದ್ಯ ಮತ್ತೆ ಬರಕೂಡದು. ಪಿಟೀಲಿನವನು ಒಬ್ಬನೇ, ಕೊಳಲಿನವನು ಒಬ್ಬನೇ. ಒಂದೇ ವಾದ್ಯ ಎರಡಾದರೆ ಮನೆ ಎರಡಾಗುತ್ತದೆ ಎಂದು ಅಮ್ಮನ ಅಮ್ಮ ನಂಬಿದ್ದಳಂತೆ. ಅಮ್ಮ ಅದನ್ನು ನಂಬುತ್ತಿರಲಿಲ್ಲ. ಮೀರುತ್ತಲೂ ಇರಲಿಲ್ಲ.

ಆ ಮೇಳದಲ್ಲಿ ಅಕಾರ್ಡಿಯನ್ ನುಡಿಸುವವನು ಇರಲಿಲ್ಲ. ಅಪ್ಪ ಭಾನುವಾರ ಅಡುಗೆಮನೆಯ ಬೆಂಚಿನ ಮೇಲೆ ಕೂತು ನುಡಿಸುತ್ತಿದ್ದದ್ದು ಅದನ್ನೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೊಂಬೆಯಂಗಡಿ ಕಂಡಲ್ಲೆಲ್ಲ ಕೇಳಿದ್ದಳು, ಅವಳಿಗೆ ಒಪ್ಪುವಂಥದ್ದು ಸಿಕ್ಕಿರಲಿಲ್ಲ. ಈ ಸಲ ಹೋಲ್ಟ್ಸ್‌ಬಾಖಿನ ಬೊಂಬೆಯವನು ಮಾಡಿದ್ದ. ಪತ್ರಿಕೆಯ ಒಳಪುಟದಲ್ಲಿ ಅವನ ಅಂಗಡಿಯ ಚಿತ್ರ ಬಂದಿತ್ತು. ಗುನ್ನಾರ್ ಭೂತಗನ್ನಡಿ ಹಿಡಿದು ನೋಡಿದ್ದ. ಮೇಲಿನ ಸಾಲಿನಲ್ಲಿ, ತುದಿಗೆ, ತಲೆ ತುಸು ವಾಲಿಸಿಕೊಂಡು ಕೂತಿತ್ತು. ಅಪ್ಪನೂ ಹಾಗೆಯೇ ವಾಲಿಸುತ್ತಿದ್ದ.

ಅಪ್ಪ ಹೋದ ಮೇಲೆ ಒಂದು ವರ್ಷವೂ ಅಮ್ಮನಿಗೆ ಬೊಂಬೆ ಕೊಡಿಸಿದವನು ಅವನಲ್ಲ. ಪರೀಕ್ಷೆ, ಸಮ್ಮೇಳನ, ವಿಚ್ಛೇದನ, ಸೊಂಟನೋವು. ಪ್ರತಿ ಸಲವೂ ಅಕ್ಕ ಹೈಕೆಯೇ ಕರೆದೊಯ್ದಿದ್ದಳು. ಅಕ್ಟೋಬರಿನಲ್ಲಿ ಅವಳಿಗೆ ಫೋನು ಮಾಡಿ, ಈ ವರ್ಷ ಅಮ್ಮನ ಮೊದಲ ಸಂತೆ ನನಗೆ ಬಿಡು ಎಂದು ಕೇಳಿಕೊಂಡ. ಕೇಳಿ, ಕೆಮ್ಮಿದಂತೆ ಮಾಡಿದ. ಹೈಕೆ, "ಆಯ್ತು ಕಣೋ, ನೀನೇ ಕರ್ಕೊಂಡು ಹೋಗು. ನಾವು ಆಮೇಲೆ ಹೋಗ್ತೀವಿ" ಎಂದಳು. ಮುಂದಿನ ವರ್ಷದ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಮ್ಮನ ವಯಸ್ಸು ಇಬ್ಬರಿಗೂ ಗೊತ್ತಿತ್ತು.

ಮೊನ್ನೆ ಅಮ್ಮನಿಗೆ ಮೂರೂ ಊರಿನ ಹೆಸರು ಹೇಳಿದ್ದ. ಆನಾಬೆರ್ಗ್ ಎಂದಾಗ ಅಲ್ಲೂ ಚೆನ್ನಾಗಿರುತ್ತೆ ಎಂದಳು. ಫ್ರೈಬೆರ್ಗ್ ಎಂದಾಗ ಅದಂತೂ ಇನ್ನೂ ಚೆನ್ನ ಎಂದಳು. ಹೋಲ್ಟ್ಸ್‌ಬಾಖ್ ಎಂದಾಗ ಫೋನಿನಲ್ಲಿ ಬರೀ ಉಸಿರು ಕೇಳಿಸಿತು. ಆಮೇಲೆ, ಫ್ರೈಬೆರ್ಗೇ ಆಗಲಿ ಬಿಡು, ಹೋಲ್ಟ್ಸ್‌ಬಾಖ್‌ನಲ್ಲಿ ನಿಲ್ದಾಣ ದೂರ, ನಿನ್ನ ಸೊಂಟಕ್ಕೆ ಕಷ್ಟ ಎಂದಳು. ಮಗನ ಸೊಂಟದ ಮೇಲೆ ಅಮ್ಮನಿಗಿದ್ದ ಕಾಳಜಿಗೆ ಗುನ್ನಾರನ ಕಣ್ಣು ತೇವವಾಯಿತು. ಅವಳ ಒಳಿತಿಗಾಗಿಯೇ ಅವಳ ಮಾತು ಕೇಳಬಾರದೆಂದು ನಿಶ್ಚಯಿಸಿದ.

ಕೆಮ್ನಿಟ್ಸ್‌ನ ವೃದ್ಧಾಶ್ರಮದಲ್ಲಿ ಅಮ್ಮ ಉಣ್ಣೆಯ ಟೋಪಿ ಹಾಕಿಕೊಂಡು ತಯಾರಾಗಿ ಕೂತಿದ್ದಳು. ಕೆನ್ನೆ ಕೊಟ್ಟಳು. ಅವನು ಮುತ್ತಿಟ್ಟ. ಕೋಣೆಯಲ್ಲಿ ಏನೋ ಖಾಲಿಯಾದಂತಿತ್ತು. ಆಮೇಲೆ ಗೊತ್ತಾಯಿತು, ಕಿಟಕಿಯ ಕಟ್ಟೆಯ ಮೇಲೆ ದೇವದೂತರಿಲ್ಲ. ಧೂಳು ಕೂತಿತ್ತು, ಒರೆಸೋಕೆ ಕೊಟ್ಟಿದೀನಿ ಎಂದಳು ಅಮ್ಮ. ದಾದಿ ಯಾನಾ ಅವಳ ಕಾಲಿಗೆ ಕಂಬಳಿ ಸುತ್ತುತ್ತ, ಈ ಚಳಿಗಾಲ ನಿಮ್ಮ ಸುತ್ತಾಟ ಮುಗಿಯೋ ಹಾಗೇ ಕಾಣಲ್ಲ ಎಂದು ನಕ್ಕಳು. ಅಮ್ಮ, ಕಂಬಳಿ ಸರಿಯಾಗಿ ಸುತ್ತು ಎಂದಳು. ಗುನ್ನಾರ್ ಅದನ್ನು ಆಸ್ಪತ್ರೆಯ ಓಡಾಟದ ಮಾತೆಂದುಕೊಂಡ.

ಹೋಲ್ಟ್ಸ್‌ಬಾಖಿನ ರೈಲಿನಲ್ಲಿ ಅವನು ಅಮ್ಮನಿಗೆ ಚಳಿಯಾಗುತ್ತಿದೆಯೇ ಎಂದು ಕೇಳಿದ. ಇಲ್ಲ ಎಂದಳು. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಮತ್ತೆ ಕೇಳಿದ. ಕೊನೆಗೆ ಅವಳು ಅವನ ಕೈ ತಟ್ಟಿ, "ಸತ್ತ ಮೇಲೆ ಆಗೋ ಚಳೀನ ಈಗ್ಲೇ ಯಾಕೋ ಕೇಳ್ತೀಯ" ಎಂದಳು. ಎದುರು ಕೂತಿದ್ದ ಹೆಂಗಸು ನಕ್ಕಳು. ಗುನ್ನಾರನೂ ನಕ್ಕ. ಈ ದಿನ ಚೆನ್ನಾಗಿ ಹೋಗುತ್ತಿದೆ ಎಂದು ಅವನಿಗೆ ಅನಿಸಿತು. ಅನಿಸಿದ್ದನ್ನು ತಾನೇ ಒಮ್ಮೆ ಪರೀಕ್ಷಿಸಿ ನೋಡಿದ. ಹೌದು, ಚೆನ್ನಾಗಿಯೇ ಹೋಗುತ್ತಿತ್ತು.

ಸಂತೆ ಪುರಸಭೆಯ ಮುಂದಿನ ಚೌಕದಲ್ಲಿತ್ತು. ಹುರಿದ ಬಾದಾಮಿಯ, ಸಾಂಬ್ರಾಣಿಯ, ಒದ್ದೆ ಉಣ್ಣೆಯ ವಾಸನೆ. ನೆಲ ಸಮತಟ್ಟಾಗಿತ್ತು. ಅದನ್ನು ಅಮ್ಮನಿಗೆ ತೋರಿಸಿದ. ನಿಜ, ಎಷ್ಟು ಸಮ ಇದೆ ನೋಡು ಎಂದಳು. ಬಿಸಿ ವೈನು ಕೊಡಿಸಿದ. ಎಷ್ಟು ಚೆನ್ನಾಗಿದೆ ಎಂದಳು. ಚರ್ಚಿನ ಗೋಪುರದ ಮೇಲಿನ ದೀಪ ತೋರಿಸಿದ. ಅವನ ಬೆರಳು ಏಳುವ ಮೊದಲೇ ಅವಳ ಕತ್ತು ಅತ್ತ ತಿರುಗಿತ್ತು. ಅವಳು ಮೆಚ್ಚುತ್ತಿದ್ದ ರೀತಿಯಲ್ಲಿ ಏನೋ ಅವಸರವಿತ್ತು. ಮಗುವಿನ ಚಿತ್ರ ನೋಡದೆಯೇ ಹೊಗಳುವವರ ಅವಸರ. ವಯಸ್ಸಾದವರಿಗೆ ಬೇಗ ದಣಿವಾಗುತ್ತದೆ ಎಂದು ಗುನ್ನಾರ್ ಅದಕ್ಕೂ ಒಂದು ಕಾರಣ ಹುಡುಕಿಕೊಂಡ.

"ಎಡಕ್ಕೆ ಬೇಡ. ಅಲ್ಲಿ ಬರೀ ಕಾಲುಚೀಲ ಮಾರ್ತಾರೆ" ಎಂದಳು.

ಎಡಕ್ಕೇ ಬೊಂಬೆಯವನ ಅಂಗಡಿ. ಅವನು ಎಡಕ್ಕೇ ತಳ್ಳಿದ.

ಅಕಾರ್ಡಿಯನ್ನಿನ ಬೊಂಬೆ ಚಿತ್ರದಲ್ಲಿದ್ದ ಜಾಗದಲ್ಲೇ ಇತ್ತು. ಮೇಲಿನ ಸಾಲು, ತುದಿಗೆ. ಗುನ್ನಾರ್ ಮಾತು ಸಿದ್ಧಮಾಡಿಕೊಂಡು ಬಂದಿದ್ದ. ಈಗ ಒಂದೂ ನೆನಪಾಗಲಿಲ್ಲ. ಅಂಗಡಿಯವನು ಅದನ್ನು ಇಳಿಸಿ ಅಂಗೈಮೇಲೆ ಇಟ್ಟುಕೊಟ್ಟ. ಗುನ್ನಾರ್ ಬಗ್ಗಿ ಅಮ್ಮನ ಮುಂದೆ ಹಿಡಿದ.

ಅಮ್ಮ ಪರಿಚಯದವರನ್ನು ನೋಡುವಂತೆ ಅದನ್ನು ನೋಡಿದಳು.

ಚೆನ್ನಾಗಿದೆ ಎಂದಳು. ಆದರೆ ಬೇಡ, ತಾಳ ಹಿಡಿದವನಿದಾನಲ್ಲ, ಅವನನ್ನೇ ಕೊಡಿಸು ಎಂದಳು. ಅಪ್ಪನ ಅಕಾರ್ಡಿಯನ್ ಅಮ್ಮ ಎಂದು ಅವನು ನೆನಪಿಸಿದ. ಗೊತ್ತು, ತಾಳದವನ ಮುಖ ಮುದ್ದಾಗಿದೆ ಎಂದಳು. ಬೆಲೆ ಜಾಸ್ತಿಯೆಂದು ಹಿಂಜರಿಯುತ್ತಿದ್ದಾಳೆ ಎಂದುಕೊಂಡ ಗುನ್ನಾರ್, ಪ್ರೀತಿ ಉಕ್ಕಿ, ಇದನ್ನೇ ಕಟ್ಟಿಕೊಡಿ ಎಂದು ಅಂಗಡಿಯವನಿಗೆ ಹೇಳಿದ. ಅಂಗಡಿಯವನು ತೆಳು ಕಾಗದ ಹರಿದು ಬೊಂಬೆಯ ರೆಕ್ಕೆಗೆ ಸುತ್ತತೊಡಗಿದ.

ಅಮ್ಮ ಮಗನ ತೋಳು ಹಿಡಿದಳು. ಅವಳ ಹಿಡಿತದಲ್ಲಿ ಅಷ್ಟು ಬಲವಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ಗುನ್ನಾರ್. ಎರಡಾಗುತ್ತೆ."

ಅಂಗಡಿಯವನ ಕೈ ನಿಂತಿತು. ಅವನು ಪಕ್ಕದ ಗಿರಾಕಿಯ ಕಡೆ ತಿರುಗಿ, ಅವರಿಗೆ ಏನು ಬೇಕೆಂದು ವಿಚಾರಿಸಿದ.

ಗುನ್ನಾರ್ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆಳೆದು, ತಿರುಗಿಸಿ, ವೈನಿನ ಅಂಗಡಿಯ ಹಿಂದಿದ್ದ ಗೋಡೆಯ ಹತ್ತಿರ ನಿಲ್ಲಿಸಿದ. ಬ್ರೇಕು ಹಾಕಿದ. ಬ್ರೇಕು ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿದ. ನೋಡಲು ಅದೊಂದು ಸಿಕ್ಕಿದ್ದು ಒಳ್ಳೆಯದಾಯಿತು.

"ಯಾವಾಗ?"

"ಹೋದ ಭಾನುವಾರ."

"ಯಾರೆಲ್ಲ?"

"ಹೈಕೆ ಮನೆಯವರು ಎಲ್ಲಾರೂ."

"ಹೈಕೆ ನನಗೆ ಮಾತು ಕೊಟ್ಟಿದ್ಲು."

"ಅವಳನ್ನ ಅನ್ನಬೇಡ" ಎಂದಳು ಅಮ್ಮ. "ಅವಳು ಬೇಡ ಬೇಡ ಅಂದ್ಲು. ನಾನೇ ಹಟ ಮಾಡ್ದೆ."

ಇಷ್ಟು ಹೊತ್ತೂ ಅವನು ಮನಸ್ಸಿನಲ್ಲಿ ಅಕ್ಕನನ್ನು ಬೈಯಲು ಒಂದೊಂದೇ ಮಾತು ಕೂಡಿಹಾಕಿಕೊಂಡಿದ್ದ. ಅವೆಲ್ಲ ಈಗ ಯಾರಿಗೂ ಹೊಂದದ ಬಟ್ಟೆಯಂತೆ ಕೈಯಲ್ಲುಳಿದವು. ಬೆಳಗಿನಿಂದ ಅಮ್ಮ ಆಡಿದ ಮಾತುಗಳನ್ನು ತಿರುವಿ ನೋಡಿದ. ಎಷ್ಟು ಸಮ ಇದೆ ನೋಡು. ಎಷ್ಟು ಚೆನ್ನಾಗಿದೆ. ಇಡೀ ದಿನ ಅವಳು ಸುಳ್ಳನ್ನು ಒಂದೇ ಒಂದು ಹೊಲಿಗೆ ಬಿಡದೆ ಹೊಲಿದಿದ್ದಳು. ಮಗನಿಗಾಗಿ ಅದನ್ನು ಕೊನೆಯವರೆಗೂ ಸಾಗಿಸುತ್ತಿದ್ದಳೇನೋ. ಆದರೆ ಒಂದು ಮರದ ಬೊಂಬೆ ಎರಡಾಗುವುದನ್ನು ಸಹಿಸಲು ಅವಳಿಂದಾಗಲಿಲ್ಲ.

"ಯಾಕಮ್ಮ?"

ಅವಳು ತಣ್ಣಗಾದ ವೈನಿನ ಲೋಟದೊಳಗೆ ನೋಡಿದಳು.

"ನಿನ್ನ ಜೊತೆ ಬಂದ್ರೆ ನಾನು ರೋಗಿ ಕಣೋ. ಅವರ ಜೊತೆ ಬೆಂಚಲ್ಲಿ ಕೂತು ಸಾಸೇಜ್ ತಿಂದೆ. ಕೈಯೆಲ್ಲಾ ಸಾಸಿವೆ. ಯಾರೂ ಒರೆಸೋಕೆ ಬರ್ಲಿಲ್ಲ."

ಗುನ್ನಾರ್ ತನ್ನ ಕೈಯನ್ನು ಕಂಡ. ಅದರಲ್ಲಿ ಕರವಸ್ತ್ರವಿತ್ತು. ಅದು ಅವಳ ಗಲ್ಲದ ಕಡೆ ಅರ್ಧ ದಾರಿ ಹೋಗಿಬಿಟ್ಟಿತ್ತು. ಅಲ್ಲಿಂದ ವಾಪಸು ಕರೆಯುವುದು ಹೇಗೆಂದು ತಿಳಿಯದೆ, ತನ್ನ ಮೂಗನ್ನೇ ಒರೆಸಿಕೊಂಡ.

ಬೊಂಬೆಗಳನ್ನು ಒರೆಸೋಕೆ ಕೊಟ್ಟದ್ದೂ ಸುಳ್ಳೇ ಎಂದು ಕೇಳಿದ. ಅವು ಹೈಕೆಯ ಮನೆಯಲ್ಲಿವೆ ಎಂದಳು. ಅಲ್ಲಿ ಕಿಟಕಿ ದೊಡ್ಡದು. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಅಮ್ಮನೂ ಅಲ್ಲೇ. ಆ ಸಂಜೆ ತಾನು ವೃದ್ಧಾಶ್ರಮಕ್ಕೆ ಬಂದು ಅಮ್ಮನ ಜೊತೆ ಊಟ ಮಾಡುವುದಾಗಿ ಹೇಳಿದ್ದನಲ್ಲ ಎಂದ. ಹೌದು, ನಿನಗೆ ಹೇಳಬೇಕು ಅಂತಿದ್ರು ಎಂದಳು. ಯಾರು ಎಂದು ಅವನು ಕೇಳಲಿಲ್ಲ.

ಬದಲಿಗೆ, "ಚಳಿಯಾಗ್ತಿದೆಯಾ?" ಎಂದ.

"ಹೂಂ" ಎಂದಳು ಅಮ್ಮ, ಆ ದಿನ ಮೊದಲ ಸಲ. "ಹೈಕೆಗೆ ಫೋನ್ ಮಾಡು."

ಹೈಕೆ ಅದೇ ಊರಿನವಳು, ಬೇಗ ಬಂದಳು; ಬಹಳ ಬೇಗ, ಕಾರಿನ ಕೀಲಿ ಕೈಯಲ್ಲೇ ಹಿಡಿದು ಕಾಯುತ್ತಿದ್ದವಳಂತೆ. ಮನೆಯ ಬಟ್ಟೆಯ ಮೇಲೆ ಕೋಟು ಹಾಕಿಕೊಂಡಿದ್ದಳು. ಅವನ ಮುಖ ನೋಡಿ, ಅಮ್ಮನ ಮುಖ ನೋಡಿ, ನಡೆದದ್ದನ್ನು ಅರ್ಥ ಮಾಡಿಕೊಂಡಳು. ಇಬ್ಬರೂ ಸೇರಿ ಅಮ್ಮನನ್ನು ಎತ್ತಿ ಕಾರಿನಲ್ಲಿ ಕೂರಿಸಿದರು. ಕೋಪ ಮಾಡ್ಕೋಬೇಡ ಎಂದಳು ಹೈಕೆ. ಇಲ್ಲ ಎಂದ. ನಿಜವಾಗಿ ಹೇಳ್ತಿದೀನಿ ಎಂದಳು. ನಾನೂ ಎಂದ.

ಕುರ್ಚಿಯನ್ನು ಮಡಚಲು ಅವನು ಬಗ್ಗಿದಾಗ ಅವಳು ತಡೆದಳು.

"ಅದು ಕಾರಲ್ಲಿ ಹಿಡಿಯಲ್ಲ ಕಣೋ. ಇರ್ಲಿ, ನಮ್ಮನೇಲಿ ಒಂದಿದೆ. ಇದನ್ನ ನೀನು ಹೋಗ್ತಾ ಆಶ್ರಮಕ್ಕೆ ಮುಟ್ಟಿಸಿಬಿಡು."

ಅವರ ಮನೆಯಲ್ಲಿ ಇನ್ನೊಂದು ಗಾಲಿಕುರ್ಚಿ ಇದ್ದದ್ದು ಅವನಿಗೆ ತಿಳಿದಿರಲಿಲ್ಲ. ಯಾವಾಗಿನಿಂದ ಎಂದು ಕೇಳುವಷ್ಟು ಹೊತ್ತು ಇರಲಿಲ್ಲ. ಕ್ರಿಸ್ಮಸ್ಸಿಗೆ ವರ್ಷವರ್ಷವೂ ನಡೆಯುವ ಗಣಿ ಕೆಲಸದವರ ಮೆರವಣಿಗೆ ಹೊರಟಿದೆ, ಈಗ ರಸ್ತೆ ಮುಚ್ಚುತ್ತಾರೆ ಎಂದು ಹೈಕೆ ಗಾಡಿ ಶುರುಮಾಡಿದಳು. ಅಮ್ಮ ಗಾಜು ಇಳಿಸಿದಳು.

"ಸೊಂಟ ಜೋಪಾನ ಕಣಪ್ಪ" ಎಂದಳು.

ಅವಳ ಮುಖದಲ್ಲಿ ಕಾಳಜಿಯಿತ್ತು. ಅವನು ಅದನ್ನು ಗಮನವಿಟ್ಟು ನೋಡಿದ. ನಿಜವಾದದ್ದಕ್ಕೂ ಅಲ್ಲದ್ದಕ್ಕೂ ಅಮ್ಮನಿಗೆ ಇದ್ದದ್ದು ಆ ಒಂದೇ ಮುಖ. ಬೇರ್ಪಡಿಸುವುದು ಭೂಗೋಳದವನ ಕೆಲಸವಲ್ಲ ಎಂದುಕೊಂಡ. ಹಾಸ್ಯವೆಂದು ಅಂದುಕೊಂಡದ್ದು ನಗು ತರಲಿಲ್ಲ. ಕಾರು ಮೂಲೆಯಲ್ಲಿ ತಿರುಗಿತು.

ಕಂಬಳಿ ಕುರ್ಚಿಯಲ್ಲೇ ಉಳಿದಿತ್ತು. ಅದನ್ನು ಮಡಚಿ, ಕೂರುವ ಜಾಗದಲ್ಲಿ ನೀಟಾಗಿ ಇಟ್ಟ. ನಿಲ್ದಾಣ ಚೌಕದ ಆಚೆಗಿತ್ತು. ಚೌಕಕ್ಕೆ ಹೋಗುವ ದಾರಿಗೆ ಹಗ್ಗ ಕಟ್ಟಿದ್ದರು. ಪಕ್ಕದ ಓಣಿಯಿಂದ ಹೋದರೆ ಬೇಗ ಎಂದು ಲೆಕ್ಕ ಹಾಕಿ, ಕುರ್ಚಿ ತಳ್ಳಿಕೊಂಡು ಆ ಓಣಿಗೆ ಹೊಕ್ಕ. ಓಣಿ ಅವನನ್ನು ತಂದು ಮೆರವಣಿಗೆಯ ನಡುವೆ ಬಿಟ್ಟಿತು.

ಮುಂದೆ ಗಣಿಯವರು. ಕಪ್ಪು ಅಂಗಿ, ಗರಿಯ ಟೋಪಿ, ಹೆಗಲ ಮೇಲೆ ಕೊಡಲಿ, ಕೈಯಲ್ಲಿ ಉರಿಯುವ ಲಾಂದ್ರ. ಹಿಂದೆ ತುಸು ದೂರದಲ್ಲಿ ಇನ್ನೊಂದು ಊರಿನ ತಂಡ. ಎರಡರ ನಡುವಿನ ಖಾಲಿ ರಸ್ತೆಯಲ್ಲಿ ಗುನ್ನಾರ್. ಎರಡೂ ಬದಿಗೆ ಹಗ್ಗ, ಹಗ್ಗದಾಚೆ ಸಾಲುಸಾಲು ಜನ. ಅವನು ನಿಂತ. ಹಗ್ಗದ ಹತ್ತಿರವಿದ್ದ ಕಾವಲಿನವನು, ನಿಲ್ಲಬೇಡಿ, ಮುಂದೆ ಹೋಗಿ ಎಂದು ಕೈಬೀಸಿದ.

ಅವನು ತಳ್ಳಿದ.

ಮೊದಲು ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಅದು ನಿಂತಿತು. ಜನ ಕುರ್ಚಿಯನ್ನು ನೋಡಿದರು, ಅದರ ಮೇಲಿನ ಕಂಬಳಿಯನ್ನು ನೋಡಿದರು, ನೇರ ಮುಂದೆ ನೋಡುತ್ತ ನಡೆಯುತ್ತಿದ್ದ ನರೆತಲೆಯವನನ್ನು ನೋಡಿದರು. ಒಬ್ಬ ಹೆಂಗಸು ಪಕ್ಕದವಳ ಕಿವಿಯಲ್ಲಿ, ಗಣಿಯಿಂದ ಮೇಲೆ ಬಾರದವರ ನೆನಪಿಗೆ ಇರಬೇಕು ಎಂದಳು. ಅದು ಅವನಿಗೆ ಕೇಳಿಸಿತು. ಇಲ್ಲ ಎನ್ನಲು ಬಾಯಿ ತೆರೆದ. ಮುಂದಿನ ತಂಡದವರ ಡೋಲು ಆಗಲೇ ಶುರುವಾಗಿತ್ತು.

ಹಗ್ಗಕ್ಕೆ ಆತುಕೊಂಡು ನಿಂತಿದ್ದ ಒಬ್ಬ ಮುದುಕ ಟೋಪಿ ತೆಗೆದ. ಅವನ ಪಕ್ಕದವನೂ ತೆಗೆದ. ಗುನ್ನಾರ್ ತಲುಪುವ ಮೊದಲೇ, ರಸ್ತೆಯ ಉದ್ದಕ್ಕೂ, ಒಂದರ ಹಿಂದೊಂದು ತಲೆಗಳು ಬರಿದಾಗುತ್ತ ಹೋದವು. ಹಿಮ ಬೀಳತೊಡಗಿತ್ತು. ಆ ಬೋಳು ತಲೆಗಳ ಮೇಲೆ, ನರೆತ ತಲೆಗಳ ಮೇಲೆ, ಯಾರೂ ಕೂರದ ಕುರ್ಚಿಯ ಮೇಲೆ ಅದು ಒಂದೇ ಸಮನೆ ಬೀಳುತ್ತಿತ್ತು. ಯಾರೂ ಒರೆಸಿಕೊಳ್ಳಲಿಲ್ಲ. ಡೋಲಿನ ಗತಿಗೆ ತನ್ನ ಹೆಜ್ಜೆ ಯಾವಾಗ ಕೂಡಿಕೊಂಡಿತೆಂದು ಅವನಿಗೆ ತಿಳಿಯಲಿಲ್ಲ.