ಕಾಣದ ಕಲೆ

ನಮ್ಮಕ್ಕ ಲಾಂಡ್ರಿಯಲ್ಲಿ ಕಲೆ ತೆಗೆಯುವವಳು. ಹತ್ತೊಂಬತ್ತು ವರ್ಷದಿಂದ ಅದೇ ಕಿಟಕಿ, ಅದೇ ಮೇಜು. ನಾನು ಪಕ್ಕದಲ್ಲೇ ಇಸ್ತ್ರಿ ಹಾಕುತ್ತೇನೆ. ತಂಗಿ ತಾನೇ, ಹೊಗಳದೆ ಇರುತ್ತಾಳೆಯೇ ಎಂದು ಮೂಗು ಮುರಿಯಬೇಡಿ, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ಯಾವ ಕಲೆ ಬಂದರೂ ಅಕ್ಕ ಅದರ ಮೇಲೆ ಮೊದಲು ಒಂದು ಹನಿ ನೀರು ಬಿಡುತ್ತಾಳೆ. ಹನಿ ಗುಂಡಗೆ ನಿಂತರೆ ಎಣ್ಣೆಯೋ ಮೇಣವೋ ಇರಬೇಕು. ಒಳಗಿಳಿದರೆ ಉಪ್ಪು, ಸಕ್ಕರೆ, ಬೆವರು. "ನೀರು ಯಾರನ್ನ ಒಳಗೆ ಕರ್ಕೊಳ್ಳತ್ತೆ, ಯಾರನ್ನ ಬಾಗಿಲಲ್ಲೇ ನಿಲ್ಲಿಸತ್ತೆ ಅಂತ ತಿಳ್ಕೊಂಡ್ರೆ ಅರ್ಧ ಕೆಲಸ ಮುಗೀತು" ಅನ್ನುತ್ತಾಳೆ.

ಕಳೆದ ತಿಂಗಳು ಯಜಮಾನರು ಡ್ರೈಕ್ಲೀನ್ ಯಂತ್ರ ತಂದರು. ಅದರ ಹಿಂದೆಯೇ ಅದನ್ನು ನಡೆಸುವವನೂ ಬಂದ. ನೀರೇ ಇಲ್ಲದೆ, ದ್ರಾವಕದಲ್ಲಿ ಒಗೆದು ಬಿಸಿಗಾಳಿಯಲ್ಲಿ ಒಣಗಿಸುತ್ತದಂತೆ. ಕಲೆಯ ಮೇಜು ಇನ್ನು ದಂಡವಂತೆ. ಸೋಮವಾರದಿಂದ ಅಕ್ಕ ನೆಲಮಾಳಿಗೆಯಲ್ಲಿ ಬಟ್ಟೆ ಮಡಚಲಿ ಎಂದು ಯಜಮಾನರು ಹೇಳಿಬಿಟ್ಟರು. ಅಕ್ಕ ಕೈಲಿದ್ದ ಬಟ್ಟೆಯ ಕಲೆಗೆ ಇನ್ನೊಂದು ಹನಿ ನೀರು ಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು.

ಅದಕ್ಕೆ ಮುಂಚಿನ ಶನಿವಾರ ಬೆಳಿಗ್ಗೆ ಶಾಲೆಯ ಮುಖ್ಯೋಪಾಧ್ಯಾಯಿನಿಯೊಬ್ಬರ ಕೆನೆಬಣ್ಣದ ಉಣ್ಣೆ ಕೋಟು ಬಂತು. ಸಂಜೆ ಅವರ ಬೀಳ್ಕೊಡುಗೆ. ಕಲೆ ಒಂದೂ ಕಾಣದ್ದರಿಂದ ಯಂತ್ರದವನು ಅಕ್ಕನಿಗೆ ತೋರಿಸದೆ ನೇರ ಒಳಗೆ ಹಾಕಿದ. ಹೊರಬಂದಾಗ ಎದೆಯ ಮೇಲೆ ಅಂಗೈಯಗಲ ಕಂದು ಕಲೆ! ಮತ್ತೊಮ್ಮೆ ಹಾಕಿದ. ಇನ್ನೂ ಗಾಢವಾಯಿತು. ಯಜಮಾನರ ಮುಖ ಬಿಳಿಚಿಕೊಂಡಿತು.

ಸುತ್ತಿ ಸುತ್ತಿ ಕೋಟು ಅಕ್ಕನ ಮೇಜಿಗೇ ಬಂತು. ಅವಳು ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು. ಅಲ್ಲಿ ಮಾತ್ರ ಬಟ್ಟೆ ಬಿರುಸಾಗಿತ್ತು.

"ಸಿಹಿ ಸೋಡಾ ಚೆಲ್ಲಿದೆ. ಒಣಗಿದ್ಮೇಲೆ ಕಣ್ಣಿಗೆ ಕಾಣಲ್ಲ. ಸಕ್ಕರೆ ನಿಮ್ಮ ದ್ರಾವಕದಲ್ಲಿ ಕರಗಲ್ಲ, ಬಿಸಿಗೆ ಕಂದಾಗತ್ತೆ. ನೀರೇ ಬೇಕು."

"ಉಣ್ಣೆಗೆ ನೀರಾ? ಕುಗ್ಗಿ ಗೊಂಬೆ ಕೋಟಾಗತ್ತೆ!" ಯಂತ್ರದವನು ಕೂಗಿದ.

"ಮುಳುಗಿಸ್ತೀನಿ ಅಂದವರ್ಯಾರು?"

ಅಕ್ಕ ಒಳಪದರದ ಹೊಲಿಗೆಯನ್ನು ಗೇಣುದ್ದ ಬಿಚ್ಚಿದಳು. ಕಲೆಯ ಕೆಳಗೆ ಬಿಳಿ ಬಟ್ಟೆ ಇಟ್ಟು, ಬಾಟಲಿಯಿಂದ ಉಗುರುಬೆಚ್ಚಗಿನ ನೀರನ್ನು ಹನಿಹನಿಯಾಗಿ ಬಿಟ್ಟಳು. ಒತ್ತುವುದು, ಬಟ್ಟೆ ಬದಲಿಸುವುದು, ಮತ್ತೆ ಹನಿ ಬಿಡುವುದು. ಮೊದಲ ಬಟ್ಟೆ ಚಹಾದ ಬಣ್ಣಕ್ಕೆ ತಿರುಗಿತು. ಹನ್ನೊಂದನೆಯದು ಬಿಳಿಯಾಗಿಯೇ ಉಳಿಯಿತು. ಕೋಟಿನ ಮೇಲೆ ಹುಡುಕಿದರೂ ಕಲೆ ಇರಲಿಲ್ಲ.

ಯಜಮಾನರು ಬಾಟಲಿ ಎತ್ತಿ ಮೂಸಿದರು. "ಯಾವ ಕಂಪನಿದು? ಒಂದು ಡಜನ್ ತರ್ಸೋಣ."

"ಕೊಳಾಯಿದು ಸಾರ್."

ಯಂತ್ರದವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನಾನು ಬಿದ್ದೂ ಬಿದ್ದೂ ನಕ್ಕೆ.

ಯಜಮಾನರು ತಲೆ ಕೆರೆದುಕೊಂಡರು. "ಮೇಜು ಇದ್ದಲ್ಲೇ ಇರ್ಲಿ ಬಿಡಮ್ಮ."

"ಇಲ್ಲಿ ಬೇಡ ಸಾರ್. ಮೆಷಿನ್ ಬಾಗಿಲ ಮುಂದೆ ಹಾಕ್ಸಿ. ಒಂದು ಬಟ್ಟೆನೂ ನನ್ನ ದಾಟಿ ಒಳಗೆ ಹೋಗಬಾರದು."

ಮೇಜಿನ ಒಂದು ತುದಿಯನ್ನು ಯಂತ್ರದವನು ಹಿಡಿದ, ಇನ್ನೊಂದನ್ನು ನಾನು. ಅವನು ಏದುಸಿರು ಬಿಡುತ್ತಿದ್ದ. ಇವಳು ನನ್ನಕ್ಕ ಅನ್ನುವ ಹೆಮ್ಮೆಯಲ್ಲಿ ನನಗೆ ಭಾರವೇ ತಿಳಿಯಲಿಲ್ಲ.